ಮಳೆನಾಡಿನಲ್ಲಿ ವೆಲ್ಡಿಂಗ್: ಕಿಡಿಗಿಂತ ಕಾಣದ ಅಪಾಯವೇ ದೊಡ್ಡದು

ಪೊನ್ನಂಪೇಟೆ: ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ದಕ್ಷಿಣ ಕೊಡಗಿನಲ್ಲಿ ಹೊರಗಿನ ಕೆಲಸಗಳು ಒಂದೊಂದಾಗಿ ನಿಲ್ಲುತ್ತವೆ. ನಿಲ್ಲದ ಕೆಲವೇ ಕೆಲಸಗಳಲ್ಲಿ ವೆಲ್ಡಿಂಗ್ ಕೂಡ ಒಂದು. ಗದ್ದೆಗೆ ಇಳಿಯಬೇಕಾದ ಟಿಲ್ಲರ್‌ನ ಚಕ್ರ ಬಿರುಕು ಬಿಟ್ಟಿರುತ್ತದೆ. ತೋಟದ ಗೇಟನ್ನು ಕಾಡಾನೆ ಬಗ್ಗಿಸಿ ಹೋಗಿರುತ್ತದೆ. ಕಾರ್ಮಿಕರನ್ನು ಕರೆತರುವ ಜೀಪಿನ ಹಿಂಬದಿಯ ಕಂಬಿ ಕಳಚಿರುತ್ತದೆ. ಇವು ಯಾವುವೂ ಮಳೆ ಬಿಡುವವರೆಗೆ ಕಾಯುವ ಕೆಲಸಗಳಲ್ಲ. ಹೀಗಾಗಿ ತಗಡಿನ ಮಾಡಿನ ಕೆಳಗೆ, ಒದ್ದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬೆಸುಗೆ ಹಾಕುವುದು ಇಲ್ಲಿ ಸಾಮಾನ್ಯ ದೃಶ್ಯ. ಕಾಲಲ್ಲಿ ಹವಾಯಿ ಚಪ್ಪಲಿ, ಕಣ್ಣಿಗೆ ಕಪ್ಪು ಕನ್ನಡಕ, ಕೈಗೆ ಏನೂ ಇಲ್ಲ.

ವಿರಾಜಪೇಟೆಯಿಂದ ಬೇರ್ಪಟ್ಟು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಪೊನ್ನಂಪೇಟೆ ಕಾಫಿ, ಕಾಳುಮೆಣಸು ಮತ್ತು ಭತ್ತದ ಸೀಮೆ. ಇಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ಆದರೆ ತೋಟದ ಯಂತ್ರೋಪಕರಣಗಳು, ತುಂತುರು ನೀರಾವರಿಯ ಪೈಪುಗಳು, ಟ್ರೈಲರ್‌ಗಳು, ಮನೆಯ ಕಿಟಕಿಯ ಸರಳುಗಳು ಎಲ್ಲವೂ ಒಂದಲ್ಲ ಒಂದು ದಿನ ವೆಲ್ಡಿಂಗ್ ಅಂಗಡಿಯ ಬಾಗಿಲಿಗೆ ಬರುತ್ತವೆ. ಹಿಂದೆ ಇಬ್ಬರು ಹೊರಬೇಕಾಗಿದ್ದ ತಾಮ್ರದ ಸುರುಳಿಯ ಟ್ರಾನ್ಸ್‌ಫಾರ್ಮರ್ ಯಂತ್ರದ ಜಾಗವನ್ನು ಇಂದು ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಇನ್ವರ್ಟರ್ ಯಂತ್ರ ಆಕ್ರಮಿಸಿದೆ. ಅಂಗಡಿಗೆ ಮಾತ್ರ ಸೀಮಿತವಾಗಿದ್ದ ಬೆಸುಗೆ ತೋಟದ ಶೆಡ್ಡಿಗೂ ಬಂದಿದೆ. ಯಂತ್ರ ಹಗುರವಾಯಿತು, ಅಗ್ಗವಾಯಿತು. ಅದರ ಜೊತೆಗೆ ಬರಬೇಕಾಗಿದ್ದ ತಿಳಿವಳಿಕೆ ಮಾತ್ರ ಅಷ್ಟೇ ವೇಗದಲ್ಲಿ ಬರಲಿಲ್ಲ ಎಂಬುದೇ ಈ ಬರಹದ ಕಾಳಜಿ.

ಆರ್ಕ್ ಎಂದರೇನು?

ಎರಡು ಲೋಹದ ತುದಿಗಳ ನಡುವೆ ಸಣ್ಣ ಅಂತರವಿಟ್ಟು ವಿದ್ಯುತ್ ಹರಿಸಿದಾಗ, ನಡುವಿನ ಅನಿಲವೇ ವಾಹಕವಾಗಿ ಉರಿಯುವ ಬೆಳಕಿನ ಸೇತುವೆಯನ್ನು ಆರ್ಕ್ ಎನ್ನುತ್ತಾರೆ. ಇದರ ಉಷ್ಣತೆ ಹಲವು ಸಾವಿರ ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗುವುದಕ್ಕೆ ಸುಮಾರು 1,500 ಡಿಗ್ರಿ ಸಾಕು. ಆದ್ದರಿಂದ ಆರ್ಕ್ ತಗುಲಿದ ಕಡೆ ಎರಡೂ ತುಂಡುಗಳ ಅಂಚು ಕ್ಷಣಮಾತ್ರದಲ್ಲಿ ಕರಗಿ ಒಂದು ಪುಟ್ಟ ಲೋಹದ ಕೊಳವಾಗುತ್ತದೆ. ಅದು ತಣಿದಾಗ ಎರಡು ತುಂಡುಗಳು ಒಂದಾಗಿರುತ್ತವೆ. ಅಂಟಿಸುವುದಕ್ಕೂ ಬೆಸೆಯುವುದಕ್ಕೂ ಇರುವ ವ್ಯತ್ಯಾಸ ಇದೇ.

1880ರ ದಶಕದಲ್ಲಿ ರಷ್ಯಾ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೊಸ್ ಇಂಗಾಲದ ಕಡ್ಡಿಯಿಂದ ಆರ್ಕ್ ಹೊತ್ತಿಸಿ ಲೋಹ ಬೆಸೆದರು. 1888ರಲ್ಲಿ ನಿಕೊಲಾಯ್ ಸ್ಲಾವ್ಯಾನೊವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಬಳಸಿದರು. ಆ ಕಡ್ಡಿಯೇ ಕರಗಿ ಸಂದನ್ನು ತುಂಬತೊಡಗಿತು. ಆದರೆ ಬೆತ್ತಲೆ ಕಡ್ಡಿಯ ಬೆಸುಗೆ ಬಿರುಸಾಗಿ ಮುರಿಯುತ್ತಿತ್ತು. ಕರಗಿದ ಲೋಹವು ಗಾಳಿಯ ಆಮ್ಲಜನಕ ಮತ್ತು ಸಾರಜನಕವನ್ನು ಹೀರಿಕೊಳ್ಳುವುದೇ ಅದಕ್ಕೆ ಕಾರಣ. 20ನೇ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಕ್ಜೆಲ್‌ಬರ್ಗ್ ಕಡ್ಡಿಗೆ ಲೇಪನ ಹಚ್ಚಿ ಇದಕ್ಕೆ ಪರಿಹಾರ ಕಂಡರು. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಲೇಪನದ ಬದಲಿಗೆ ಅನಿಲವನ್ನೇ ಕವಚವಾಗಿಸಿ, ಸುರುಳಿಯಿಂದ ತಂತಿಯನ್ನು ನಿರಂತರವಾಗಿ ಉಣಿಸುವ ವಿಧಾನ ರೂಪುಗೊಂಡಿತು. ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಸಿಕ್ಕ ಎರಡು ಉತ್ತರಗಳೇ ಇಂದಿನ ಎರಡು ಮುಖ್ಯ ಪದ್ಧತಿಗಳು ಎನ್ನಬಹುದು.

ರಾಡ್ ವೆಲ್ಡಿಂಗ್: ಗಾಳಿಗೆ ಅಂಜದ ಪದ್ಧತಿ

ಬೀದಿಬದಿಯ ಅಂಗಡಿಗಳಲ್ಲಿ ಕಾಣುವುದು ಮೊದಲನೆಯದು. ಹೋಲ್ಡರ್‌ಗೆ ಲೇಪನವಿರುವ ರಾಡ್ ಸಿಕ್ಕಿಸಿ, ಬೆಂಕಿಕಡ್ಡಿ ಗೀರಿದಂತೆ ಲೋಹಕ್ಕೆ ಒರೆಸಿ ಎತ್ತಿದರೆ ಆರ್ಕ್ ಹೊತ್ತಿಕೊಳ್ಳುತ್ತದೆ. ಲೇಪನವು ಉರಿದು ಅನಿಲವಾಗಿ ಕರಗಿದ ಲೋಹವನ್ನು ಸುತ್ತುವರಿಯುತ್ತದೆ. ಉಳಿದ ಭಾಗ ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟಿ ಬೆಸುಗೆಯನ್ನು ನಿಧಾನವಾಗಿ ತಣಿಯಲು ಬಿಡುತ್ತದೆ. ತಣಿದ ಬಳಿಕ ಸುತ್ತಿಗೆಯಿಂದ ಕಿಟ್ಟವನ್ನು ಕೆತ್ತಿ, ತಂತಿ ಬ್ರಷ್‌ನಿಂದ ಉಜ್ಜಬೇಕು. ಕಿಟ್ಟ ತೆಗೆಯದೆ ಮೇಲೆ ಇನ್ನೊಂದು ಸಾಲು ಎಳೆದರೆ ಅದು ಒಳಗೇ ಸಿಕ್ಕಿಕೊಂಡು ಬೆಸುಗೆಯನ್ನು ಟೊಳ್ಳಾಗಿಸುತ್ತದೆ.

ರಾಡ್‌ನ ದಪ್ಪಕ್ಕೆ ತಕ್ಕಂತೆ ಕರೆಂಟ್ ಇಡುವುದು ಇಲ್ಲಿನ ಮೊದಲ ಪಾಠ. ಸಾಮಾನ್ಯವಾಗಿ 2.5 ಮಿ.ಮೀ. ರಾಡ್‌ಗೆ 60ರಿಂದ 90 ಆಂಪಿಯರ್, 3.15 ಮಿ.ಮೀ. ರಾಡ್‌ಗೆ 90ರಿಂದ 130 ಆಂಪಿಯರ್ ಹೊಂದುತ್ತದೆ. ನಿಖರ ಅಂಕಿ ರಾಡ್ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಕರೆಂಟ್ ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತದೆ, ಲೋಹ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ. ಹೆಚ್ಚಾದರೆ ಅಂಚಿನಲ್ಲಿ ಕೊರಕಲು ಬೀಳುತ್ತದೆ, ತೆಳು ತಗಡು ತೂತಾಗುತ್ತದೆ. ಆರ್ಕ್‌ನ ಉದ್ದ ರಾಡ್‌ನ ದಪ್ಪದಷ್ಟೇ ಇರಬೇಕು. ಅಂತರ ಹೆಚ್ಚಿದಂತೆ ಕಿಡಿ ಚಿಮ್ಮುತ್ತದೆ, ಬೆಸುಗೆಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ.

ಗ್ರಿಲ್, ಗೇಟಿನಂಥ ಸಾಮಾನ್ಯ ಕೆಲಸಕ್ಕೆ 6013 ಎಂಬ ಗುರುತಿನ ರಾಡ್ ಬಳಕೆಯಲ್ಲಿದೆ. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಭಾರ ಹೊರುವ ಟ್ರೈಲರ್‌ನ ಕೊಂಡಿ, ದಪ್ಪ ಉಕ್ಕಿನ ಚೌಕಟ್ಟು ಮುಂತಾದವಕ್ಕೆ 7018 ಗುರುತಿನ, ಜಲಜನಕ ಕಡಿಮೆಯಿರುವ ರಾಡ್ ಸೂಕ್ತ. ಕೊಡಗಿನ ಹವೆಗೂ ಈ ರಾಡ್‌ಗೂ ಹಗೆತನವಿದೆ. 7018ರ ಲೇಪನ ತೇವವನ್ನು ಬೇಗ ಹೀರುತ್ತದೆ. ಆ ತೇವದಿಂದ ಹೊರಬರುವ ಜಲಜನಕ ಬಿಸಿ ಉಕ್ಕಿನೊಳಗೆ ನುಸುಳಿ, ಬೆಸುಗೆ ತಣಿದು ಗಂಟೆಗಳಾದ ಮೇಲೆ, ಕೆಲವೊಮ್ಮೆ ಮರುದಿನ, ಒಳಗಿನಿಂದಲೇ ಬಿರುಕು ಬಿಡಿಸಬಲ್ಲದು. ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣದ ರಾಡ್ ಬಳಸಿ ಕೊಂಡಿ ಬೆಸೆದವನಿಗೆ ಅಂದು ಯಾವ ದೋಷವೂ ಕಾಣಿಸದು. ದೋಷ ಕಾಣುವುದು ಭಾರ ತುಂಬಿದ ಟ್ರೈಲರ್ ಇಳಿಜಾರಿನಲ್ಲಿರುವಾಗ. ಇಂಥ ರಾಡ್‌ಗಳನ್ನು ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ, ಓವನ್‌ನಲ್ಲಿ ಒಣಗಿಸಿ ಬಿಸಿಯಾಗಿಯೇ ಇಟ್ಟುಕೊಂಡು ಬಳಸಬೇಕು. ಒಲೆಯ ಪಕ್ಕ ಇಡುವುದು ಅದಕ್ಕೆ ಸಾಟಿಯಾಗದು.

ಅನಿಲ ಕವಚದ ಬೆಸುಗೆ: ಶೆಡ್ಡಿನ ಒಳಗಿನ ರಾಜ

ಎರಡನೆಯದು ಮಿಗ್ ಅಥವಾ ಸಿಒಟು ವೆಲ್ಡಿಂಗ್ ಎಂದು ಅಂಗಡಿಗಳಲ್ಲಿ ಕರೆಯಲಾಗುವ ಪದ್ಧತಿ. ಕೈಯಲ್ಲಿ ಹಿಡಿದ ಟಾರ್ಚ್‌ನ ಗುಂಡಿ ಒತ್ತಿದರೆ ಸುರುಳಿಯಿಂದ 0.8 ಇಲ್ಲವೆ 1.2 ಮಿ.ಮೀ. ದಪ್ಪದ ತಂತಿ ತಾನಾಗಿ ಹೊರಬರುತ್ತದೆ. ಅದರ ಸುತ್ತಲೂ ಸಿಲಿಂಡರ್‌ನಿಂದ ಇಂಗಾಲದ ಡೈಆಕ್ಸೈಡ್, ಅಥವಾ ಆರ್ಗಾನ್ ಜೊತೆಗಿನ ಮಿಶ್ರಣ ಹರಿದು ಲೋಹದ ಕೊಳಕ್ಕೆ ಕೊಡೆ ಹಿಡಿಯುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 15 ಲೀಟರ್ ಅನಿಲ ಸಾಕು. ಕಿಟ್ಟ ಕೆತ್ತುವ ಗೋಜಿಲ್ಲ. ರಾಡ್ ಬದಲಿಸುವ ವಿರಾಮವಿಲ್ಲ. ತೆಳು ತಗಡಿಗೆ, ವಾಹನಗಳ ಬಾಡಿ ಕೆಲಸಕ್ಕೆ, ಒಂದೇ ಬಗೆಯ ನೂರಾರು ತುಂಡುಗಳಿಗೆ ಇದನ್ನು ಮೀರಿಸುವುದು ಕಷ್ಟ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ನಾಜೂಕು ಕೆಲಸಕ್ಕೆ ಟಂಗ್‌ಸ್ಟನ್ ಕಡ್ಡಿ ಮತ್ತು ಶುದ್ಧ ಆರ್ಗಾನ್ ಬಳಸುವ ಟಿಗ್ ಎಂಬ ಇನ್ನೊಂದು ಪದ್ಧತಿಯೂ ಇದೆ.

ಆದರೆ ಈ ಅನಿಲದ ಕೊಡೆ ಬಹಳ ತೆಳುವಾದದ್ದು. ಮುಖಕ್ಕೆ ತಾಗುವಷ್ಟು ಗಾಳಿ ಬೀಸಿದರೂ ಅದು ಹಾರಿಹೋಗಿ ಬೆಸುಗೆ ಜೇನುಗೂಡಿನಂತೆ ರಂಧ್ರಮಯವಾಗುತ್ತದೆ. ಹೊರಗೆ, ತೋಟದ ಬೇಲಿಯ ಬಳಿ, ರಾಡ್ ಪದ್ಧತಿಯೇ ಇಂದಿಗೂ ಮೇಲು. ನಾಲ್ಕು ಗೋಡೆಗಳ ಒಳಗೆ ಅನಿಲ ಪದ್ಧತಿ ಮೇಲು. ಫ್ಯಾನ್‌ನ ಎದುರು ಕುಳಿತು ಮಿಗ್ ಬೆಸುಗೆ ಹಾಕಿ ಅನಿಲ ಸರಿಯಿಲ್ಲವೆಂದು ದೂರುವವರೂ ಇದ್ದಾರೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಕಡಿಮೆ ವೋಲ್ಟೇಜಿನಲ್ಲಿ ದಪ್ಪ ಉಕ್ಕಿಗೆ ಹಾಕಿದ ಮಿಗ್ ಬೆಸುಗೆ ನೋಡಲು ಅಂದವಾಗಿದ್ದೂ, ಕೆಳಗಿನ ಲೋಹಕ್ಕೆ ಬೆಸೆದುಕೊಳ್ಳದೆ ಕೇವಲ ಮೇಲೆ ಕುಳಿತಿರಬಹುದು. ಹೊಳೆಯುವ ಸಾಲು ಗಟ್ಟಿಯಾದ ಸಾಲು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಬೆಸುಗೆಗೆ ಒಗ್ಗದ ಲೋಹಗಳು

ಕಬ್ಬಿಣವೆಲ್ಲ ಒಂದೇ ಅಲ್ಲ. ಜೀಪಿನ ಪಟ್ಟಿ ಸ್ಪ್ರಿಂಗ್‌ನಲ್ಲಿ ಇಂಗಾಲದ ಅಂಶ ಹೆಚ್ಚು. ಮುರಿದ ಪಟ್ಟಿಯನ್ನು ಗೇಟಿಗೆ ಹಾಕುವ ರಾಡ್‌ನಿಂದ ಬೆಸೆದರೆ, ಬೆಸುಗೆಯ ಪಕ್ಕದ ಲೋಹ ಗಾಜಿನಂತೆ ಬಿರುಸಾಗಿ ಅಲ್ಲಿಯೇ ಮತ್ತೆ ಮುರಿಯುತ್ತದೆ. ಪಟ್ಟಿ ಬದಲಿಸುವುದೊಂದೇ ಸುರಕ್ಷಿತ ದಾರಿ. ನಾಗರಹೊಳೆಯ ಅಂಚಿನಲ್ಲಿ ಆನೆಗಳನ್ನು ತಡೆಯಲು ಬಳಸಿರುವ ಹಳೆಯ ರೈಲು ಹಳಿಗಳದ್ದೂ ಇದೇ ಜಾತಿಯ ಉಕ್ಕು. ಅದನ್ನು ಮೊದಲೇ ಕಾಯಿಸದೆ, ನಿಧಾನವಾಗಿ ತಣಿಸದೆ ಬೆಸೆಯುವುದು ಬಿರುಕಿಗೆ ಆಹ್ವಾನ. ಹಳೆಯ ಯಂತ್ರಗಳ ಎರಕದ ಕಬ್ಬಿಣದ ಭಾಗಗಳಿಗೆ ನಿಕ್ಕಲ್ ರಾಡ್ ಬೇಕು. ಒಂದೊಂದೇ ಅಂಗುಲ ಬೆಸೆದು, ತಣಿಯಲು ಬಿಟ್ಟು ಮುಂದುವರಿಯುವ ತಾಳ್ಮೆಯೂ ಬೇಕು.

ಒದ್ದೆ ಅಂಗಿ, ಬರಿಗೈ ಮತ್ತು 80 ವೋಲ್ಟ್

ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಪ್ರಾಣ ಕಳೆದುಕೊಂಡ ಸುದ್ದಿ ಕೊಡಗಿನ ಓದುಗರಿಗೆ ಹೊಸದಲ್ಲ. ಆ ತಂತಿಗೆ ಎಲ್ಲರೂ ಹೆದರುತ್ತಾರೆ. ವೆಲ್ಡಿಂಗ್ ಯಂತ್ರದಿಂದ ಹೊರಬರುವುದು ಕಡಿಮೆ ವೋಲ್ಟೇಜ್, ಅದಕ್ಕೇನು ಹೆದರಿಕೆ ಎಂಬ ಮಾತು ಮಾತ್ರ ವ್ಯಾಪಕವಾಗಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಆರ್ಕ್ ಉರಿಯುವಾಗ ವೋಲ್ಟೇಜ್ 20ರಿಂದ 30ರಷ್ಟಿದ್ದರೂ, ಉರಿಯದಿರುವಾಗ ಹೋಲ್ಡರ್‌ನ ತುದಿಯಲ್ಲಿ ಸಾಮಾನ್ಯವಾಗಿ 50ರಿಂದ 80 ವೋಲ್ಟ್ ಸಿದ್ಧವಾಗಿ ಕುಳಿತಿರುತ್ತದೆ. ಅಂದರೆ ರಾಡ್ ಬದಲಿಸುವ ಕ್ಷಣವೇ ಹೆಚ್ಚು ಅಪಾಯದ ಕ್ಷಣ. ಒಣ ಚರ್ಮ ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ. ಬೆವರು ಅಥವಾ ಮಳೆಯಿಂದ ತೊಯ್ದ ದೇಹದ ತಡೆ ಸುಮಾರು 1,000 ಓಮ್‌ಗೆ ಕುಸಿಯಬಹುದು. ಆಗ 80 ವೋಲ್ಟ್‌ನಿಂದ ದೇಹದಲ್ಲಿ ಹರಿಯುವುದು 80 ಮಿಲಿಆಂಪಿಯರ್. ಹಿಡಿದ ವಸ್ತುವನ್ನು ಬಿಡಲಾಗದಂತೆ ಸ್ನಾಯು ಬಿಗಿಯಲು ಸುಮಾರು 10 ಮಿಲಿಆಂಪಿಯರ್ ಸಾಕು. ಕೆಲವು ಕ್ಷಣ 50 ಮಿಲಿಆಂಪಿಯರ್ ಎದೆಯ ಮೂಲಕ ಹರಿದರೂ ಹೃದಯದ ಲಯ ತಪ್ಪಬಹುದು. ಎಸಿ ಯಂತ್ರದಲ್ಲಿ ಈ ಅಪಾಯ ಡಿಸಿ ಯಂತ್ರಕ್ಕಿಂತ ಹೆಚ್ಚು.

ಮನೆಯಲ್ಲಿ ಇಎಲ್‌ಸಿಬಿ ಇದೆ, ಅದು ಕಾಪಾಡುತ್ತದೆ ಎಂದು ಹಲವರು ನಂಬಿದ್ದಾರೆ. ಯಂತ್ರಕ್ಕೆ ಬರುವ 230 ವೋಲ್ಟ್ ತಂತಿ ಸೋರಿದರೆ ಅದು ಕಾಪಾಡುವುದು ನಿಜ. ಆದ್ದರಿಂದ ಅದು ಬೇಕೇ ಬೇಕು. ಆದರೆ ಯಂತ್ರದ ಒಳಗಿನ ಟ್ರಾನ್ಸ್‌ಫಾರ್ಮರ್ ಹೊರಗಿನ ಬೆಸುಗೆಯ ಸುತ್ತನ್ನು ಮುಖ್ಯ ಲೈನಿನಿಂದ ಬೇರ್ಪಡಿಸುತ್ತದೆ. ಹೋಲ್ಡರ್‌ನಿಂದ ತಗುಲಿದ ಆಘಾತ ಇಎಲ್‌ಸಿಬಿಯ ಅರಿವಿಗೇ ಬರುವುದಿಲ್ಲ. ಅಲ್ಲಿ ಕಾಪಾಡುವುದು ಒಣಗಿದ ಚರ್ಮದ ಗವಸು, ರಬ್ಬರ್ ಅಟ್ಟೆಯ ಮುಚ್ಚಿದ ಬೂಟು, ಕಾಲಡಿಯ ಒಣ ಹಲಗೆ ಇವಷ್ಟೇ. ಆರ್ಕ್ ಇಲ್ಲದಿರುವಾಗ ವೋಲ್ಟೇಜ್ ತಗ್ಗಿಸುವ ವಿಆರ್‌ಡಿ ಎಂಬ ಸೌಲಭ್ಯವಿರುವ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಮಳೆನಾಡಿನಲ್ಲಿ ಯಂತ್ರ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಅಂಗಡಿಗಳಲ್ಲಿ ‘ಅರ್ಥ್’ ಎಂದು ಕರೆಯುವ ಕ್ಲ್ಯಾಂಪ್ ನಿಜವಾದ ಅರ್ಥಿಂಗ್ ಅಲ್ಲ ಎಂಬುದನ್ನೂ ಗಮನಿಸಬೇಕು. ಅದು ಕರೆಂಟ್ ಯಂತ್ರಕ್ಕೆ ಮರಳುವ ದಾರಿ ಮಾತ್ರ. ಅದನ್ನು ಬೆಸುಗೆಯ ಸಮೀಪದಲ್ಲೇ, ತುಕ್ಕು ಉಜ್ಜಿದ ಜಾಗಕ್ಕೆ ಬಿಗಿಯಬೇಕು. ದೂರದಲ್ಲಿ ಬಿಗಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾದು ಅವನ್ನು ಹಾಳುಗೆಡವುತ್ತದೆ. ವಾಹನವಾದರೆ ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ಕಳಚುವುದು ಕಡ್ಡಾಯವೆಂದು ತಿಳಿಯಬೇಕು. ಯಂತ್ರದ ಲೋಹದ ಕವಚಕ್ಕೆ ಬೇಕಾದ ನಿಜವಾದ ಅರ್ಥಿಂಗ್ ಪ್ಲಗ್‌ನ ಮೂರನೇ ಪಿನ್‌ನಿಂದ ಬರುತ್ತದೆ. ಆ ಪಿನ್ ಮುರಿದು ಬರೀ ಎರಡು ತಂತಿಯನ್ನು ಸಾಕೆಟ್‌ಗೆ ಸಿಕ್ಕಿಸುವ ಅಭ್ಯಾಸ ಪ್ರಾಣಕ್ಕೆ ಎರವಾಗಬಲ್ಲದು.

ಕಣ್ಣು, ಹೊಗೆ, ಬೆಂಕಿ

ಆರ್ಕ್‌ನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಆ ಕ್ಷಣಕ್ಕೆ ನೋವಿರುವುದಿಲ್ಲ. ಆರೇಳು ಗಂಟೆಗಳ ನಂತರ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಎರಚಿದಂತೆ ಉರಿ ಏಳುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಆಲೂಗಡ್ಡೆ ಹೋಳು, ಹಾಲಿನ ಹನಿ ಮುಂತಾದ ಮನೆಮದ್ದು ಸೋಂಕನ್ನು ತರಬಹುದಾದ್ದರಿಂದ ಕಣ್ಣಿನ ವೈದ್ಯರನ್ನು ಕಾಣುವುದೇ ಲೇಸು. ತಂಪು ಕನ್ನಡಕ ಆರ್ಕ್‌ಗೆ ರಕ್ಷಣೆಯಲ್ಲ. ಕರೆಂಟಿಗೆ ತಕ್ಕಂತೆ 10ರಿಂದ 12ನೇ ಸಂಖ್ಯೆಯ ಕಪ್ಪು ಗಾಜಿರುವ, ಮುಖ ಮತ್ತು ಕತ್ತು ಮುಚ್ಚುವ ಶೀಲ್ಡ್ ಬೇಕು. ಪಕ್ಕದಲ್ಲಿ ತುಂಡು ಹಿಡಿದು ನಿಂತ ಹುಡುಗನಿಗೂ ಅದು ಬೇಕು. ಬಹುಪಾಲು ಸಲ ಕಣ್ಣುರಿ ಅನುಭವಿಸುವವನು ಅವನೇ.

ಹೊಗೆಯ ವಿಷಯ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗಕ್ಕೆ ಸೇರಿಸಿತು. ಸತುವಿನ ಲೇಪವಿರುವ ಜಿಐ ಪೈಪು, ತಗಡು ಬೆಸೆದರೆ ಏಳುವ ಬಿಳಿ ಹೊಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ತರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ತೊಳೆದುಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹೊಗೆ ಸೇರುವುದು ಶ್ವಾಸಕೋಶಕ್ಕೆ, ಬೆಲ್ಲ ಇಳಿಯುವುದು ಹೊಟ್ಟೆಗೆ. ಬೆಸುಗೆಯ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯುವುದು, ಹೊಗೆಯ ಕಂಬದೊಳಗೆ ತಲೆ ಬಾಗಿಸದಿರುವುದು, ಬಾಗಿಲು ತೆರೆದಿಡುವುದು, ಸೂಕ್ತ ಮಾಸ್ಕ್ ಧರಿಸುವುದು ಇವು ನಿಜವಾದ ಮದ್ದು. ಕವಚದ ಅನಿಲಗಳು ಗಾಳಿಗಿಂತ ಭಾರ. ನೀರಿನ ತೊಟ್ಟಿ, ಗುಂಡಿಯಂಥ ತಗ್ಗಿನಲ್ಲಿ ಅವು ತುಂಬಿಕೊಂಡರೆ ಉಸಿರಾಟಕ್ಕೆ ಆಮ್ಲಜನಕವೇ ಉಳಿಯದು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಒಣಗುವ ಕಾಲ. ಆಗ ಅಪಾಯ ನೀರಿನದಲ್ಲ, ಬೆಂಕಿಯದು. ಕಿಡಿಗಳು 10 ಮೀಟರ್ ದೂರದವರೆಗೂ ಹಾರಬಲ್ಲವು. ಗೋಣಿಚೀಲ, ಹೊಟ್ಟು, ಒಣ ಎಲೆಯ ನಡುವೆ ಬಿದ್ದ ಕಿಡಿ ಕೂಡಲೇ ಹೊತ್ತಿಕೊಳ್ಳದೆ ಒಳಗೊಳಗೇ ಬೇಯುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಒಬ್ಬರು ಅಲ್ಲಿಯೇ ನಿಂತು ಕಾಯಬೇಕು. ಡೀಸೆಲ್ ಅಥವಾ ಪೆಟ್ರೋಲ್ ತುಂಬಿದ್ದ ಖಾಲಿ ಡ್ರಮ್ ತುಂಬಿದ ಡ್ರಮ್ಮಿಗಿಂತ ಅಪಾಯಕಾರಿ. ಅದರೊಳಗೆ ಉಳಿದ ಆವಿ ಒಂದೇ ಕಿಡಿಗೆ ಸಿಡಿಯುತ್ತದೆ. ಆವಿಯನ್ನು ಪೂರ್ಣವಾಗಿ ಹೊರಹಾಕುವ ವ್ಯವಸ್ಥೆಯಿಲ್ಲದ ಅಂಗಡಿ ಆ ಕೆಲಸವನ್ನು ಒಪ್ಪಿಕೊಳ್ಳಲೇಬಾರದು. ಗೋಬರ್ ಗ್ಯಾಸ್ ಘಟಕದ ಬಳಿಯ ಕೆಲಸಕ್ಕೂ ಇದೇ ಮಾತು ಅನ್ವಯ.

ನೋಡುವವರು ಯಾರು?

ಸುರಕ್ಷತೆಯ ನಿಯಮಗಳು ನಮ್ಮಲ್ಲಿ ಇಲ್ಲವೆಂದಲ್ಲ. ವಿದ್ಯುತ್ ಮತ್ತು ಗ್ಯಾಸ್ ವೆಲ್ಡಿಂಗ್‌ನ ಸುರಕ್ಷತೆಗೆಂದೇ ಐಎಸ್ 818 ಎಂಬ ಭಾರತೀಯ ಮಾನಕವಿದೆ. ಇಂಧನದ ಆವಿ ತೆಗೆಯದ ಪಾತ್ರೆಗೆ ಬೆಸುಗೆ ಹಾಕಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಆದರೆ ವಿದ್ಯುತ್ ಬಳಸುವ ಘಟಕ ಆ ಕಾಯ್ದೆಯಡಿ ಕಾರ್ಖಾನೆ ಎನಿಸಿಕೊಳ್ಳಲು ಸಾಮಾನ್ಯವಾಗಿ 10 ಕಾರ್ಮಿಕರಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಮಿತಿ 20. ಇಬ್ಬರು ಮೂವರು ದುಡಿಯುವ ವೆಲ್ಡಿಂಗ್ ಅಂಗಡಿ ಅಂದೂ ಇಂದೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಇದೆ. 8ನೇ ತರಗತಿ ಮುಗಿಸಿದವರೂ ಸೇರಬಹುದು. ಆದರೂ ಈ ವಿದ್ಯೆಯನ್ನು ಅಂಗಡಿಯಲ್ಲೇ ನೋಡಿ ಕಲಿಯುವ ಹುಡುಗರಿಗೆ ಕೊರತೆಯಿಲ್ಲ. ನೋಡಿ ಕಲಿತವನಿಗೆ ಗುರುವಿನ ಕೈಚಳಕದ ಜೊತೆಗೆ ಗುರುವಿನ ಬರಿಗೈಯೂ ಬಳುವಳಿಯಾಗಿ ಬರುತ್ತದೆ.

ಆದ್ದರಿಂದ ಇಲ್ಲಿ ತನಿಖಾಧಿಕಾರಿಯ ಸ್ಥಾನದಲ್ಲಿ ನಿಲ್ಲಬೇಕಾದವರು ಕೆಲಸ ಕೊಡುವವರು. ಅವರು ತೋಟದ ಮಾಲೀಕರಾಗಿರಬಹುದು, ಬೆಂಗಳೂರಿನಲ್ಲಿ ಮನೆಗೆ ಗ್ರಿಲ್ ಹಾಕಿಸುವವರಾಗಿರಬಹುದು. ಕೆಲಸ ಮಾಡುವ ಜಾಗ ಒಣಗಿದೆಯೇ? ಪ್ಲಗ್‌ಗೆ ಮೂರು ಪಿನ್ ಇದೆಯೇ? ಕೇಬಲ್‌ನ ರಬ್ಬರ್ ಕಿತ್ತುಹೋಗಿದೆಯೇ? ವೆಲ್ಡರ್ ಮತ್ತು ಸಹಾಯಕ ಇಬ್ಬರಿಗೂ ಶೀಲ್ಡ್, ಗವಸು ಇದೆಯೇ? ಹತ್ತಿರ ನೀರು, ಮರಳು ಇಟ್ಟಿದ್ದಾರೆಯೇ? ಈ ಐದು ಪ್ರಶ್ನೆ ಕೇಳಲು ತಾಂತ್ರಿಕ ವಿದ್ಯೆ ಬೇಕಿಲ್ಲ. ಯಾರಿಗಾದರೂ ಶಾಕ್ ತಗುಲಿದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಉಸಿರು ನಿಂತಿದ್ದರೆ ಎದೆ ಒತ್ತುವ ಚಿಕಿತ್ಸೆ ಆರಂಭಿಸಿ, ಜೊತೆಯಲ್ಲಿರುವವರಿಂದ 108ಕ್ಕೆ ಕರೆ ಮಾಡಿಸಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು, ಬೇರೇನೂ ಹಚ್ಚಬಾರದು.

ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್, ಅದರ ಬೆನ್ನಿಗೆ ಆಯುಧಪೂಜೆ. ದುಡಿಮೆಯ ಉಪಕರಣಗಳಿಗೆ ಹೂವಿಟ್ಟು ಕೈಮುಗಿಯುವ ಪದ್ಧತಿ ಈ ನಾಡಿನಲ್ಲಿ ಗಾಢವಾಗಿದೆ. ವೆಲ್ಡಿಂಗ್ ಯಂತ್ರಕ್ಕೂ ಅಂದು ಕುಂಕುಮದ ಬೊಟ್ಟು ಬೀಳುತ್ತದೆ. ಯಂತ್ರದ ಬೆಲೆಗೆ ಹೋಲಿಸಿದರೆ ಒಂದು ಜೊತೆ ಚರ್ಮದ ಗವಸು ಮತ್ತು ಒಂದು ಶೀಲ್ಡ್‌ನ ಬೆಲೆ ಅತ್ಯಲ್ಪ. ಈ ಬಾರಿ ಪೂಜೆಯ ತಟ್ಟೆಯ ಪಕ್ಕದಲ್ಲಿ ಅವೂ ಇರಲಿ, ಮರುದಿನ ಬೆಳಿಗ್ಗೆ ಕೈಗೂ ಮುಖಕ್ಕೂ ಏರಲಿ.